ಚಾಲಕ ಬೇಡವೆಂದ ದಿನ: ಹೊಸ ಭದ್ರತಾ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಿಮ್ಮ ನೇಮಕದ ಸುದ್ದಿ ತಲುಪಿದಾಗ ನಾನು ಕಾಫಿ ಕಣದಲ್ಲಿ ನಿಂತು ಮೋಡ ನೋಡುತ್ತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, “ಭೌತಿಕ ಮತ್ತು ಪ್ರಯಾಣ ಭದ್ರತೆಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ, ನಿಮ್ಮ ಕನ್ನಡದವರಂತೆ, ಸೇನೆಯಲ್ಲಿದ್ದವರಂತೆ” ಎಂದರು. ಹರಡಿದ ಬೀಜಕ್ಕೆ ಟಾರ್ಪಾಲು ಹೊದಿಸುವುದನ್ನು ಮರೆತು ಅಲ್ಲೇ ಕೂತುಬಿಟ್ಟೆ. ದೂರ ದೇಶಗಳಲ್ಲಿ ನೆರವಿನ ಕೆಲಸ ಮಾಡುವ ಆ ಸಂಸ್ಥೆಯಲ್ಲಿ, ಈಗ ನಿಮ್ಮ ಕೈಕೆಳಗಿರುವ ವಿಭಾಗದಲ್ಲಿ ನಾನು ಹದಿನೇಳು ವರ್ಷ ದುಡಿದಿದ್ದೇನೆ. ಕೇಂದ್ರ ಕಚೇರಿಯಲ್ಲಲ್ಲ. ಅಲ್ಲಿಗೆ ಬಂದದ್ದು ಮೂರೇ ಸಲ, ಮೂರೂ ಸಲ ತರಬೇತಿಗೆ. ಉಳಿದ ಕಾಲವೆಲ್ಲ ರೇಡಿಯೊ ಕೋಣೆ, ಗೇಟು, ಗೋಡೆ, ರಸ್ತೆ.

ಈ ಪತ್ರವನ್ನು ನಿಮಗೆ ಖಾಸಗಿಯಾಗಿ ಕಳುಹಿಸಬಹುದಿತ್ತು. ಹಾಗೆ ಕಳುಹಿಸಿದ ಪತ್ರಗಳ ಗತಿ ಏನಾಗುತ್ತದೆಂದು ನನಗೆ ಗೊತ್ತು. ಅಂಥ ಎಷ್ಟೋ ಪತ್ರಗಳಿಗೆ ನಾನೇ “ಗಮನಿಸಲಾಗಿದೆ” ಎಂದು ಬರೆದು ಕಡತ ಮುಚ್ಚಿದ್ದೇನೆ. ಇನ್ನೊಂದು ಕಾರಣವೂ ಇದೆ. ಇಂದು ನಮ್ಮ ಊರುಗಳಿಂದ ದಾದಿಯರು, ಲೆಕ್ಕಪತ್ರದವರು, ನೀರಿನ ಎಂಜಿನಿಯರುಗಳು ಇಂಥ ಸಂಸ್ಥೆಗಳಿಗೆ ಸೇರಿ ದೂರ ದೇಶಗಳಿಗೆ ಹೋಗುತ್ತಿದ್ದಾರೆ. “ಅಲ್ಲಿ ಸೆಕ್ಯುರಿಟಿ ಚೆನ್ನಾಗಿದೆಯಂತೆ” ಎಂದು ಮನೆಯಲ್ಲಿ ತಾಯಂದಿರು ಸಮಾಧಾನ ತಂದುಕೊಳ್ಳುತ್ತಾರೆ. ಆ ‘ಚೆನ್ನಾಗಿದೆ’ ಎಂಬ ಮಾತಿನ ಒಳಗೆ ಏನೇನಿದೆ ಎಂಬುದು ಅವರಿಗೂ ತಿಳಿಯಲಿ. ಸಂಸ್ಥೆಯ ಹೆಸರನ್ನಾಗಲಿ, ಮುಂದೆ ಹೇಳುವ ಘಟನೆ ನಡೆದ ದೇಶದ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಆ ಘಟನೆಯಲ್ಲಿ ನನ್ನ ತಪ್ಪೇ ದೊಡ್ಡದು. ಬೇರೆಯವರ ಹೆಸರಿನ ಹಿಂದೆ ಅದನ್ನು ಅಡಗಿಸುವ ಮನಸ್ಸಿಲ್ಲ.

ನಮ್ಮನ್ನು ಯಾರೂ ಪ್ರೀತಿಸುವುದಿಲ್ಲ ಎಂಬುದು ನಿಮಗೆ ಮೊದಲ ವಾರದಲ್ಲೇ ಗೊತ್ತಾಗಿರಬೇಕು. ಯೋಜನೆಗೆ ಹಣ ಬಂದಿರುತ್ತದೆ, ಸರ್ಕಾರದ ಒಪ್ಪಿಗೆ ಸಿಕ್ಕಿರುತ್ತದೆ, ಲಾರಿಗೆ ಅಕ್ಕಿ ತುಂಬಿರುತ್ತದೆ; ಕೊನೆಗೆ ನಾವು ರಸ್ತೆ ಸರಿಯಿಲ್ಲ ಎನ್ನುತ್ತೇವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮಗಾಗಿಯೇ ಹುಟ್ಟಿದ್ದು. ಹದಿನೇಳು ವರ್ಷಗಳಲ್ಲಿ ನಾನು “ಬೇಡ” ಎಂದದ್ದಕ್ಕೆ ಬಂದ ದೂರುಗಳನ್ನು ಒಟ್ಟು ಹಾಕಿದರೆ ಒಂದು ಪುಸ್ತಕವಾಗುತ್ತಿತ್ತು. “ಆಗಲಿ” ಎಂದದ್ದಕ್ಕೆ ಒಂದು ದೂರೂ ಬರಲಿಲ್ಲ. ಬರಬೇಕಾಗಿದ್ದ ಒಂದು ದೂರು ಬರಲಿಲ್ಲ ಎಂಬುದಕ್ಕೇ ಈ ಪತ್ರ.

ಈ ಕೆಲಸಕ್ಕೆ ಈಗಿನ ರೂಪ ಬಂದದ್ದು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಓದುವ ಉಳಿದವರಿಗಾಗಿ ಹೇಳುತ್ತೇನೆ. 2003ರ ಆಗಸ್ಟ್ 19ರ ಸಂಜೆ ಬಾಗ್ದಾದ್‌ನ ಕೆನಾಲ್ ಹೋಟೆಲ್‌ನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಪಕ್ಕಕ್ಕೆ ಸ್ಫೋಟಕ ತುಂಬಿದ ಟ್ರಕ್ಕೊಂದು ಬಂದು ನಿಂತು ಸಿಡಿಯಿತು. ಅದು ಸಿಡಿದ ಜಾಗದ ಮೇಲುಗಡೆಯೇ ವಿಶ್ವಸಂಸ್ಥೆಯ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಅವರ ಕೋಣೆಯಿತ್ತು. ಅವರೂ ಸೇರಿ 22 ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿಗೆ ಗಾಯಗಳಾದವು. ಸ್ಫೋಟದಲ್ಲಿ ಬಾಂಬಿನ ಜೊತೆಗೆ ಹಾರುವ ಗಾಜೂ ಕೊಲ್ಲುತ್ತದೆ. ಒಡೆದರೂ ಚೂರು ಹಾರದಂತೆ ಕಿಟಕಿಗೆ ಅಂಟಿಸುವ ಪಾರದರ್ಶಕ ಹಾಳೆಯೊಂದಿದೆ; ಅದನ್ನು ಹಾಕಿಸುವ ಕೆಲಸ ಅಲ್ಲಿ ಸಮಯಕ್ಕೆ ಆಗಿರಲಿಲ್ಲ. ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ಸಮಿತಿ ಅದೇ ಅಕ್ಟೋಬರಿನಲ್ಲಿ ವರದಿ ಕೊಟ್ಟು, ಇಡೀ ಭದ್ರತಾ ವ್ಯವಸ್ಥೆಯೇ ಕೆಟ್ಟು ನಿಂತಿದೆ ಎಂದಿತು. ಮರುವರ್ಷ ಹೊಣೆ ಹೊರಿಸುವ ಸರದಿ ಬಂತು. ಭದ್ರತಾ ಸಂಯೋಜಕರಾಗಿದ್ದ ತುನ್ ಮ್ಯಾತ್ ಅವರ ರಾಜೀನಾಮೆಯನ್ನು ಆಗಿನ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಕೇಳಿ ಪಡೆದರು. ಉಪ ಮಹಾ ಕಾರ್ಯದರ್ಶಿ ಲೂಯಿಸ್ ಫ್ರೆಶೆಟ್ ತಾವಾಗಿಯೇ ಕೊಟ್ಟ ರಾಜೀನಾಮೆಯನ್ನು ಅನ್ನಾನ್ ಸ್ವೀಕರಿಸಲಿಲ್ಲ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ನಿಮ್ಮ ಕುರ್ಚಿಯ ಎತ್ತರ ಎಷ್ಟೆಂದು ತಿಳಿಯುತ್ತದೆ.

2005ರ ಜನವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಭದ್ರತೆಗೆಂದೇ ಪ್ರತ್ಯೇಕ ಇಲಾಖೆ ಶುರುವಾಯಿತು. ಮೂರು ವರ್ಷ ತುಂಬುವ ಮೊದಲೇ, 2007ರ ಡಿಸೆಂಬರ್ 11ರಂದು, ಅಲ್ಜೀರಿಯಾದ ರಾಜಧಾನಿ ಆಲ್ಜೀರ್ಸ್‌ನಲ್ಲಿ ಮತ್ತೆ ಸ್ಫೋಟಕ ತುಂಬಿದ ವಾಹನ, ಮತ್ತೆ ಕಚೇರಿಯ ಪಕ್ಕದಲ್ಲೇ. ಈ ಸಲ ವಿಶ್ವಸಂಸ್ಥೆಯ 17 ಮಂದಿ. ಹಿರಿಯ ರಾಜತಾಂತ್ರಿಕ ಲಖ್ದರ್ ಬ್ರಾಹಿಮಿ ಅವರ ಸಮಿತಿ ಇನ್ನೊಂದು ವರದಿ ಕೊಟ್ಟಿತು, ಇಲಾಖೆಯ ಮುಖ್ಯಸ್ಥರು ಹೊರನಡೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ವೃತ್ತಿಯ ಕುಲಧರ್ಮವೇನೋ ಎನಿಸುತ್ತದೆ. ನಾನು ಹಾಕಿಸಿದ ಒಂದೊಂದು ತಡೆಗೋಡೆಯ ಹಿಂದೆಯೂ ಎಲ್ಲೋ ಸತ್ತ ಯಾರದೋ ಹೆಸರಿತ್ತು.

ಕೋಟೆಯ ಮಾತು ಬಂದದ್ದರಿಂದ ಒಂದು ವಿಷಯ. ಹೊಸದಾಗಿ ಸೇರಿದ ಕಾವಲುಗಾರರಿಗೆ ತರಬೇತಿ ಕೊಡುವಾಗ ನಾನು ಚಿತ್ರದುರ್ಗದ ಕಥೆ ಹೇಳುತ್ತಿದ್ದೆ. ಏಳು ಸುತ್ತಿನ ಕೋಟೆ, ಆನೆ ನುಗ್ಗಿದರೂ ಮುರಿಯದ ಬಾಗಿಲು. ಶತ್ರು ಬಂದದ್ದು ಮಾತ್ರ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ, ಒಬ್ಬ ಮನುಷ್ಯ ನುಸುಳುವಷ್ಟೇ ಜಾಗವಿದ್ದ ಕಿಂಡಿಯಲ್ಲಿ. ಆ ಊಟದ ಹೊತ್ತಿಗೆ ಬದಲಿಯಾಗಿ ನಿಂತವಳು ಓಬವ್ವ. ಸ್ವಾಹಿಲಿಗೆ ತರ್ಜುಮೆಯಾಗಿ ಹೋದರೂ ಈ ಕಥೆಗೆ ಅವರು ಕಣ್ಣರಳಿಸುತ್ತಿದ್ದರು. ಒಬ್ಬಾತ ಮಾತ್ರ ಕೇಳಿದ: “ಸಾರ್, ನಮ್ಮ ಊಟದ ಹೊತ್ತಿಗೆ ಬದಲಿ ಯಾರು?” ಆ ವರ್ಷದ ಗುತ್ತಿಗೆಯಲ್ಲಿ ಖರ್ಚು ಉಳಿಸಲು ಊಟದ ಪಾಳಿಯ ಬದಲಿ ಕಾವಲುಗಾರನನ್ನು ತೆಗೆದುಹಾಕಿದ್ದೆವು. ನಾನೇ ಸಹಿ ಮಾಡಿದ್ದೆ. ನಿಮ್ಮ ಮೇಜಿನ ಮೇಲೂ ಅಂಥ ಗುತ್ತಿಗೆ ಪತ್ರ ಬಂದೇ ಬರುತ್ತದೆ. ಕ್ಯಾಮೆರಾಗಳ ಪುಟವನ್ನು ಆಮೇಲೆ ಓದಿ, ಮೊದಲು ಊಟದ ಪಾಳಿಯ ಸಾಲನ್ನು ಹುಡುಕಿ.

ಗೋಡೆ, ಗೇಟು, ಗಾಜುಗಳ ವಿಷಯದಲ್ಲಿ ನಾವು ಈಗ ಸಾಕಷ್ಟು ಕಲಿತಿದ್ದೇವೆ. ಅದಕ್ಕೆ ಅಳತೆಗಳಿವೆ, ದುಡ್ಡು ಹಾಕಿದರೆ ಆಗುತ್ತದೆ. ಕಲಿಯದೆ ಉಳಿದದ್ದು ರಸ್ತೆ. ರಸ್ತೆಯಲ್ಲೂ ಅಪಾಯದ ಬಗ್ಗೆ ನಮಗೆ ತಿಳಿವಳಿಕೆ ಇಲ್ಲವೆಂದಲ್ಲ. ದೊಡ್ಡವರು ಬರುವ ದಿನ ಆ ತಿಳಿವಳಿಕೆಯನ್ನು ಪಕ್ಕಕ್ಕಿಡುತ್ತೇವೆ. ನಾನು ಹೇಳಬೇಕೆಂದಿರುವುದು ಇದೊಂದೇ.

2012ರ ಜೂನ್ 29ರಂದು ಕೀನ್ಯಾದ ದಡಾಬ್ ನಿರಾಶ್ರಿತರ ಶಿಬಿರಕ್ಕೆ ‘ನಾರ್ವೇಜಿಯನ್ ನಿರಾಶ್ರಿತರ ಮಂಡಳಿ’ ಎಂಬ ನೆರವು ಸಂಸ್ಥೆಯ ಮುಖ್ಯಸ್ಥರೇ ಭೇಟಿ ಕೊಟ್ಟಿದ್ದರು. ದಡಾಬ್‌ನಲ್ಲಿ ಅಪಹರಣದ ಅಪಾಯ ಇದೆಯೆಂಬುದು ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಆದರೂ ವಾಹನಗಳ ಸಾಲು ಸಶಸ್ತ್ರ ಬೆಂಗಾವಲಿಲ್ಲದೆ ಹೊರಟಿತು. ದಾಳಿಯಾಯಿತು. ಮುಖ್ಯಸ್ಥರು ಪಾರಾದರು, ಚಾಲಕನೊಬ್ಬ ಸತ್ತ, ನಾಲ್ವರು ಸಿಬ್ಬಂದಿಯನ್ನು ಸೊಮಾಲಿಯಾ ಕಡೆಗೆ ಹೊತ್ತೊಯ್ದರು. ನಾಲ್ಕು ದಿನಗಳ ನಂತರ ಅವರ ಬಿಡುಗಡೆಯಾಯಿತು. ಅವರಲ್ಲೊಬ್ಬರಾದ ಸ್ಟೀವ್ ಡೆನ್ನಿಸ್, ಕಾಲಿಗೆ ಗುಂಡು ತಗುಲಿದ್ದ ಕೆನಡಾದವರು, ಸಂಸ್ಥೆಯ ಮೇಲೆಯೇ ಮೊಕದ್ದಮೆ ಹೂಡಿದರು. 2015ರ ನವೆಂಬರಿನಲ್ಲಿ ಓಸ್ಲೊ ಜಿಲ್ಲಾ ನ್ಯಾಯಾಲಯ, ಇದು ಸಂಸ್ಥೆಯ ಘೋರ ನಿರ್ಲಕ್ಷ್ಯ ಎಂದು ತೀರ್ಪು ಕೊಟ್ಟು, ಸುಮಾರು 44 ಲಕ್ಷ ನಾರ್ವೆ ಕ್ರೋನ್ ಪರಿಹಾರಕ್ಕೆ ಆದೇಶಿಸಿತು. ಆ ತೀರ್ಪು ಬಂದ ವಾರ ನಮ್ಮ ಕೇಂದ್ರ ಕಚೇರಿಯಿಂದ ಎಷ್ಟು ಸುತ್ತೋಲೆಗಳು ಬಂದವೆಂದರೆ, ಓದಿ ಮುಗಿಸಲು ಕಾನೂನು ಪದವಿ ಬೇಕಿತ್ತು. ‘ಆರೈಕೆಯ ಹೊಣೆ’ ಎಂಬ ಮಾತು, ಅಂದರೆ ಸಿಬ್ಬಂದಿಯ ಸುರಕ್ಷತೆಗೆ ಸಂಸ್ಥೆಯೇ ಹೊಣೆ ಎಂಬುದು, ಅಂದಿನಿಂದ ಎಲ್ಲರ ಬಾಯಲ್ಲಿ. ಮೊಕದ್ದಮೆ ಹೂಡಿ ಗೆದ್ದವರು ಬದುಕಿ ಬಂದ ವಿದೇಶಿ ಸಿಬ್ಬಂದಿ. ಸುತ್ತೋಲೆಗಳಲ್ಲಿ ಚಾಲಕನ ಪ್ರಸ್ತಾಪವನ್ನು ನಾನು ಹುಡುಕಿದೆ, ಸಿಗಲಿಲ್ಲ.

ಮುಂದಿನದು 2021ರ ಫೆಬ್ರವರಿ 22, ಕಾಂಗೊದ ಗೋಮಾ. ಇಟಲಿಯ ರಾಯಭಾರಿ ಲೂಕಾ ಅಟ್ಟನಾಸಿಯೊ ಅವರು ವಿಶ್ವಸಂಸ್ಥೆಯ ಅಂಗವಾದ ವಿಶ್ವ ಆಹಾರ ಕಾರ್ಯಕ್ರಮದ ಶಾಲಾ ಊಟದ ಯೋಜನೆ ನೋಡಲು ರುತ್ಶುರು ಕಡೆಗೆ ಹೊರಟಿದ್ದರು. ದಾಳಿಯಲ್ಲಿ ರಾಯಭಾರಿ, ಅವರ ಅಂಗರಕ್ಷಕ ವಿಟ್ಟೋರಿಯೊ ಇಯಾಕೊವಾಚ್ಚಿ ಮತ್ತು ಚಾಲಕ ಮುಸ್ತಫಾ ಮಿಲಾಂಬೊ ಸತ್ತರು. ಆ ರಸ್ತೆಗೆ ಬೆಂಗಾವಲು ಬೇಡವೆಂದು ಮೊದಲೇ ನಿರ್ಧಾರವಾಗಿತ್ತು ಎಂದು ಸಂಸ್ಥೆ ಹೇಳಿತು. ಪ್ರಯಾಣದ ಅನುಮತಿಯನ್ನು 72 ಗಂಟೆ ಮೊದಲು ಕೇಳಬೇಕಿತ್ತು, ತಡವಾದದ್ದರಿಂದ ರಾಯಭಾರಿಯ ಹೆಸರಿನ ಬದಲು ಸಿಬ್ಬಂದಿಯ ಹೆಸರು ಬರೆದು ಅನುಮತಿ ಪಡೆದರು ಎಂಬುದು ರೋಮ್‌ನ ಸರ್ಕಾರಿ ವಕೀಲರ ಆರೋಪವಾಗಿತ್ತು. 2024ರಲ್ಲಿ ಅಲ್ಲಿನ ನ್ಯಾಯಾಧೀಶರು, ಆರೋಪಿಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯ ನೌಕರರಿಗಿರುವ ವಿನಾಯಿತಿಯ ರಕ್ಷಣೆ ಇದೆಯೆಂದು ಪ್ರಕರಣವನ್ನು ಅಲ್ಲಿಗೇ ನಿಲ್ಲಿಸಿದರು. ಆರೋಪ ನಿಜವೋ ಸುಳ್ಳೋ ವಿಚಾರಣೆಯಲ್ಲಿ ತೀರ್ಮಾನವಾಗಲಿಲ್ಲ. ಆದರೆ ಅನುಮತಿ ಪತ್ರದ ಮೇಜಿನಲ್ಲಿ ಕೂತ ನಮಗೆ ಆ ಆರೋಪ ಓದಿದ ಕೂಡಲೇ ಬೆನ್ನು ತಣ್ಣಗಾಯಿತು. ಗಣ್ಯರು ನಾಳೆ ಬರುತ್ತಾರೆ, ಅರ್ಜಿ ಇಂದು ಬರುತ್ತದೆ, ಗಡಿಯಾರ ನೋಡಬೇಡಿ ಎಂದು ಮೇಲಿನಿಂದ ಫೋನ್ ಬರುತ್ತದೆ. ಇದು ಗೊತ್ತಿಲ್ಲದ ಭದ್ರತಾ ಅಧಿಕಾರಿ ಯಾರಿದ್ದಾರೆ?

ಈಗ ನನ್ನ ಕಥೆ.

ನಮ್ಮ ಕಚೇರಿಯಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿ ನಮ್ಮದೊಂದು ಆರೋಗ್ಯ ಕೇಂದ್ರವಿತ್ತು. ಆಡಳಿತ ಮಂಡಳಿಯ ಮೂವರು ಸದಸ್ಯರು ಅದನ್ನು ನೋಡಲು ಬಂದರು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಹಿಂದಿರುಗುವುದೆಂದು ನಾನು ಅನುಮತಿ ಕೊಟ್ಟಿದ್ದೆ. ಅಲ್ಲಿ ಗಿಡ ನೆಡುವ ಕಾರ್ಯಕ್ರಮ ಸೇರಿಕೊಂಡಿತು, ಮಕ್ಕಳ ಹಾಡು ಸೇರಿಕೊಂಡಿತು, ಊರ ಹಿರಿಯರು ಕುರಿ ಕೊಯ್ದಿದ್ದರು. ಎರಡು ಗಂಟೆ ಹೋಗಿ ನಾಲ್ಕು ಗಂಟೆ ಇಪ್ಪತ್ತು ನಿಮಿಷವಾಯಿತು. ಮೊದಲ ಕಾರಿನ ಚಾಲಕ ರೇಡಿಯೊದಲ್ಲಿ ಕರೆದ. ಆತ ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು; ನಾನು ಮನಸ್ಸಿನಲ್ಲೇ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದೆ. ರೇಡಿಯೊ ಶಿಸ್ತಿನಲ್ಲಿ ಅವನಷ್ಟು ಅಚ್ಚುಕಟ್ಟಾದವರು ಇರಲಿಲ್ಲ. ಬೇಡದ ಒಂದು ಮಾತೂ ಆಡುವವನಲ್ಲ.

ಅವನು ಹೇಳಿದ್ದು ಇಷ್ಟು: “ರಸ್ತೆ ಬರಿದಾಗಿದೆ. ಬಾಳೆಹಣ್ಣು ಮಾರುವ ಹೆಂಗಸರು ಎದ್ದುಹೋಗಿದ್ದಾರೆ. ಬಾಡಿಗೆ ಬೈಕುಗಳು ನಿಂತಿಲ್ಲ. ಇಂದು ಹೋಗುವುದು ಬೇಡ.”

ನಾನು ಕೇಳಿದೆ: “ಏನಾದರೂ ಘಟನೆ ವರದಿಯಾಗಿದೆಯೇ?”

“ಇಲ್ಲ.”

ನನ್ನ ಮುಂದಿದ್ದ ಗೋಡೆಯ ನಕ್ಷೆಯಲ್ಲಿ ಆ ರಸ್ತೆಗೆ ಹಳದಿ ಬಣ್ಣವಿತ್ತು. ಕೆಂಪಾಗಿಸಲು ವರದಿ ಬೇಕು, ವರದಿಗೆ ಘಟನೆ ಬೇಕು, ಘಟನೆ ಇನ್ನೂ ನಡೆದಿರಲಿಲ್ಲ. ಅಷ್ಟರಲ್ಲಿ ದೇಶದ ಕಚೇರಿಯ ಮುಖ್ಯಸ್ಥರ ಫೋನ್. ಗಣ್ಯರ ವಿಮಾನ ಮರುದಿನ ಬೆಳಿಗ್ಗೆ ಆರಕ್ಕೆ. ಅಲ್ಲಿ ರಾತ್ರಿ ಉಳಿಯಲು ಒಳ್ಳೆಯ ಸ್ನಾನದ ಮನೆಯೂ ಇಲ್ಲ. ಅವರು ಆಜ್ಞೆ ಮಾಡಲಿಲ್ಲ. “ನಿಮಗೆ ಬಿಟ್ಟದ್ದು” ಎಂದರು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಈ ಎರಡು ಪದಗಳ ಭಾರ ಗೊತ್ತು. ನಾಲ್ಕು ಗಂಟೆ ಮೂವತ್ತೈದು ನಿಮಿಷಕ್ಕೆ ನಾನು ದಿನಚರಿ ಪುಸ್ತಕದಲ್ಲಿ “ಅನುಮತಿ ನೀಡಲಾಗಿದೆ” ಎಂದು ಬರೆದೆ. ಮೇಷ್ಟ್ರು “ಸರಿ” ಎಂದ. ಎರಡನೆಯ ಸಲ ಬೇಡವೆನ್ನಲಿಲ್ಲ. ಗುತ್ತಿಗೆಯವನು ಎರಡನೆಯ ಸಲ ಬೇಡವೆನ್ನುವುದಿಲ್ಲ.

ಅರ್ಧ ದಾರಿ ಕಳೆದ ಮೇಲೆ ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡ ಮರದ ದಿಮ್ಮಿ. ಅವನು ನಿಲ್ಲಿಸಲಿಲ್ಲ. ಹಿಂದಿನ ಕಾರಿಗೆ ಎರಡೇ ಪದಗಳಲ್ಲಿ ಎಚ್ಚರಿಕೆ ಕೊಟ್ಟು ರಿವರ್ಸ್ ಹಾಕಿದ. ಗುಂಡು ಹಾರಿದವು. ಟೈರು ಹೋಯಿತು. ಹೋದ ಟೈರಿನಲ್ಲೇ ಹತ್ತಿರದ ಪೊಲೀಸ್ ಠಾಣೆಯವರೆಗೆ ಓಡಿಸಿದ. ಒಳಗಿದ್ದ ಮೂವರಿಗೂ ಗೀರು ಗಾಯವಿಲ್ಲ. ಅವನ ಬಲ ಮೊಣಕೈಯಲ್ಲಿ ಗುಂಡು ಹೊಕ್ಕು ಹೊರಬಿದ್ದಿತ್ತು. ಠಾಣೆ ತಲುಪಿದ ಮೇಲೆಯೇ ಅದನ್ನು ಹೇಳಿದನಂತೆ.

ಆಮೇಲಿನದು ಬೇಗ ಮುಗಿಯುತ್ತದೆ. ಗಣ್ಯರು ಮರುದಿನ ಬೆಳಿಗ್ಗೆ ಆರರ ವಿಮಾನ ಹತ್ತಿದರು. ತಿಂಗಳೊಳಗೆ ನನಗೊಂದು ಪ್ರಶಂಸಾಪತ್ರ ಬಂತು, “ಸಮಯೋಚಿತ ಸಂಯೋಜನೆ”ಗಾಗಿ. ಹದಿನಾಲ್ಕು ಪುಟಗಳ ವಿಚಾರಣಾ ವರದಿಯಲ್ಲಿ ಅವನ ಆ ಮಾತುಗಳಿಗೆ ಸಿಕ್ಕ ಜಾಗ ಒಂದು ಸಾಲು: ಹೊರಡುವ ಮುನ್ನ ಚಾಲಕನು ಕೊಂಚ ಹಿಂಜರಿಕೆ ತೋರಿದ್ದನು. ಹಿಂಜರಿಕೆ! ರಸ್ತೆಯನ್ನು ಪಾಠದಂತೆ ಓದಿ ಹೇಳಿದ್ದ ಮನುಷ್ಯನನ್ನು ಅಂಜುಬುರುಕನನ್ನಾಗಿಸಿದ ಆ ಪದವನ್ನು ವರದಿಗೆ ಕೊಟ್ಟವನು ನಾನೇ. ನನ್ನ ಹೇಳಿಕೆಯಲ್ಲಿತ್ತು. ಅವನು ಕಾರ್ಮಿಕರನ್ನು ಒದಗಿಸುವ ಕಂಪನಿಯ ಮೂಲಕ ಬಂದವನಾದ್ದರಿಂದ ನಮ್ಮ ವಿಮೆ ಅವನಿಗೆ ಇರಲಿಲ್ಲ. ಆಸ್ಪತ್ರೆಯ ಖರ್ಚು, ಕೆಲವು ತಿಂಗಳ ಸಂಬಳ, ಅಷ್ಟೆ. ಮೊಣಕೈ ಮಡಚದವನಿಗೆ ಸ್ಟೀರಿಂಗ್ ಎಲ್ಲಿಂದ? ಮುಂದಿನ ಮಳೆಗಾಲಕ್ಕೆ ಅವನ ಗುತ್ತಿಗೆ ನವೀಕರಣವಾಗಲಿಲ್ಲ. ಅವನು ದೂರು ಕೊಡಲಿಲ್ಲ. ಬರಬೇಕಾಗಿದ್ದು ಬರದ ದೂರು ಅದೇ.

ಈಚೆಗೆ ಪ್ರಯಾಣ ಭದ್ರತೆಗೆ ಸಾಧನಗಳು ಬಹಳ ಬಂದಿವೆ. 2021ರಲ್ಲಿ ಇದಕ್ಕಾಗಿಯೇ ಐಎಸ್‌ಒ 31030 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಎಲ್ಲಿಯಾದರೂ ಬಾಂಬ್ ಸಿಡಿದರೆ ಪ್ರಯಾಣಿಕರ ಮೊಬೈಲಿಗೆ “ಕ್ಷೇಮವೇ?” ಎಂಬ ಸಂದೇಶ ತಾನಾಗಿ ಹೋಗುತ್ತದೆ, ಯಾರು ಉತ್ತರಿಸಿದರು, ಯಾರು ಇಲ್ಲ ಎಂಬುದು ಪರದೆಯ ಮೇಲೆ ಕಾಣುತ್ತದೆ. ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮಲ್ಲೂ ಅಂಥದ್ದು ಬಂದಿತ್ತು. ಒಂದು ಸಂಜೆ ಅದನ್ನು ಪರೀಕ್ಷಿಸುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಆ ವ್ಯವಸ್ಥೆಗೆ ‘ಪ್ರಯಾಣಿಕ’ ಎಂದರೆ ಟಿಕೆಟ್ ಇರುವವನು. ವಿಮಾನದ ಟಿಕೆಟ್ಟೋ ಹೋಟೆಲಿನ ಕೋಣೆಯೋ ಕಾಯ್ದಿರಿಸಿದಾಗ ಹೆಸರು ತಾನಾಗಿ ಒಳಗೆ ಸೇರುತ್ತದೆ. ವರ್ಷಕ್ಕೆ ನಾಲ್ಕು ಸಲ ಬರುವ ಸಲಹೆಗಾರ ಪ್ರಯಾಣಿಕ. ವರ್ಷಪೂರ್ತಿ ಅದೇ ರಸ್ತೆಯಲ್ಲಿ ಕಾರು ಓಡಿಸುವವನಿಗೆ ಟಿಕೆಟ್ ಇಲ್ಲ, ಆದ್ದರಿಂದ ಅವನು ಪ್ರಯಾಣಿಕನಲ್ಲ, ಆದ್ದರಿಂದ ಅವನು ಕ್ಷೇಮವೇ ಎಂದು ಯಾರೂ ಕೇಳುವುದಿಲ್ಲ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಾಗಾಗಿಯೇ ಯಾರ ಕಣ್ಣಿಗೂ ಬಿದ್ದಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದವರ ಪಾಡು ನಮ್ಮ ರಾಜ್ಯಕ್ಕೂ ಹೊಸದಲ್ಲ. 2023ರ ಏಪ್ರಿಲಿನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಉತ್ತರ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ಊರಿನಲ್ಲಿ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸಿಲುಕಿಕೊಂಡಿದ್ದರು. ಗಿಡಮೂಲಿಕೆ ಮಾರಲು ಹೋದವರು. ಮೊಬೈಲಿನಲ್ಲಿ ಅವರು ಕಳುಹಿಸಿದ ಮೊರೆ ಸುದ್ದಿಯಾದ ಮೇಲೆಯೇ ಅಲ್ಲಿ ಕನ್ನಡನಾಡಿನವರು ಇದ್ದಾರೆಂದು ಬಹಳ ಜನರಿಗೆ ತಿಳಿದದ್ದು. ಆಪರೇಷನ್ ಕಾವೇರಿ ಅವರನ್ನು ಕರೆತಂತು. ಅದೇ ಉತ್ತರ ದಾರ್ಫುರ್‌ನ ಕಬ್ಕಾಬಿಯಾದಲ್ಲಿ, ಯುದ್ಧದ ಮೊದಲ ದಿನವೇ, ವಿಶ್ವ ಆಹಾರ ಕಾರ್ಯಕ್ರಮದ ಮೂವರು ನೌಕರರು ಸತ್ತಿದ್ದರು.

ಸಾಯುತ್ತಿರುವವರು ಯಾರೆಂಬ ಲೆಕ್ಕ ನಿಮ್ಮ ಬಳಿ ನನಗಿಂತ ಚೆನ್ನಾಗಿದೆ. 2024ರಲ್ಲಿ ಜಗತ್ತಿನಲ್ಲಿ 383 ಮಂದಿ ನೆರವು ಕಾರ್ಯಕರ್ತರು ಹತರಾದರು. ಅವರಲ್ಲಿ ಬಹುಪಾಲು ಜನ ತಮ್ಮದೇ ದೇಶದಲ್ಲಿ, ತಮ್ಮದೇ ಜನರ ನಡುವೆ ಕೆಲಸ ಮಾಡುತ್ತಿದ್ದವರು. ಭದ್ರತೆಯ ಕೆಲಸದವರೂ ಹೊರತಲ್ಲ. ಆ ವರ್ಷದ ಮೇ 13ರಂದು ಗಾಜಾದ ರಫಾದಿಂದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ವಿಶ್ವಸಂಸ್ಥೆಯ ಗುರುತಿನ ಕಾರಿನ ಮೇಲೆ ದಾಳಿಯಾಗಿ ಸತ್ತ ಕರ್ನಲ್ ವೈಭವ್ ಅನಿಲ್ ಕಾಳೆ ನಮ್ಮ ಸೇನೆಯಿಂದ ನಿವೃತ್ತರಾಗಿ, ವಿಶ್ವಸಂಸ್ಥೆಯ ಭದ್ರತಾ ಇಲಾಖೆಗೆ ಸೇರಿದ್ದವರು. ಕಾರಿನ ಮೇಲಿನ ಅಕ್ಷರಗಳನ್ನು ಗುಂಡು ಓದುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೂ ಅಂದು ಇಡೀ ದಿನ ಮನಸ್ಸು ಮುದುಡಿತ್ತು.

ಇನ್ನು ಸ್ಥಳಾಂತರ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ವಿಶ್ವಸಂಸ್ಥೆ ಸುಮಾರು ನೂರು ಸಿಬ್ಬಂದಿಯನ್ನು ಕಜಕಸ್ತಾನದ ಅಲ್ಮಾಟಿಗೆ ಕಳುಹಿಸಿತು. ಅಫ್ಘನ್ ನೌಕರರ ಸಂಖ್ಯೆ ಸಾವಿರಗಳಲ್ಲಿತ್ತು. ಎಲ್ಲರನ್ನೂ ವಿಮಾನ ಹತ್ತಿಸಲಾಗುವುದಿಲ್ಲ, ಹತ್ತಿಸಿದರೆ ಅಲ್ಲಿ ಕೆಲಸ ಮಾಡುವವರೂ ಉಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಕೆಲಸಕ್ಕೆ ಸೇರುವ ದಿನವೇ “ಇಂಥ ಸಂದರ್ಭದಲ್ಲಿ ನಿಮಗೆ ನಾವು ಇಷ್ಟು ಮಾತ್ರ ಮಾಡಬಲ್ಲೆವು” ಎಂದು ಅವರ ಭಾಷೆಯಲ್ಲಿ ಬರೆದುಕೊಡುವ ಪ್ರಾಮಾಣಿಕತೆ ನಮ್ಮಲ್ಲಿರಲಿಲ್ಲ. ಅಪಾಯ ಬಂದ ದಿನ ಗೇಟಿನ ಬಳಿ ಅದನ್ನು ಬಾಯಿಮಾತಿನಲ್ಲಿ ಹೇಳಿದ್ದೇನೆ. ಆ ಮುಖಗಳನ್ನು ವರ್ಣಿಸುವುದಿಲ್ಲ.

ನೀವು ಸೇನೆಯಿಂದ ಬಂದವರು. ನಾನಿರುವ ಜಿಲ್ಲೆಯಲ್ಲಿ ಜನರಲ್ ತಿಮ್ಮಯ್ಯನವರ ಹೆಸರು ಹೇಳದೆ ಇಂಥ ಮಾತು ಮುಗಿಯುವುದಿಲ್ಲ. ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ತೀರಿಕೊಂಡರು. ಅವರ ಕೈಯಲ್ಲಿ ಸಾವಿರಾರು ಸೈನಿಕರಿದ್ದರು. ನಿಮ್ಮ ಕೈಯಲ್ಲಿ ಒಬ್ಬ ಸೈನಿಕನೂ ಇಲ್ಲ. ಇರುವುದು “ಬೇಡ” ಎಂಬ ಎರಡಕ್ಷರ. ಅದನ್ನು ಕಾಂಗೊದಲ್ಲೋ ಯೆಮೆನ್‌ನಲ್ಲೋ ಕೂತ ಕಿರಿಯ ಅಧಿಕಾರಿಯೊಬ್ಬ ಆಡಳಿತ ಮಂಡಳಿಯ ಸದಸ್ಯರ ಮುಖಕ್ಕೆ ಹೇಳಬೇಕಾದಾಗ, ಬೆನ್ನ ಹಿಂದೆ ನೀವಿದ್ದೀರಿ ಎಂಬ ಧೈರ್ಯ ಅವನಿಗಿರಬೇಕು. ನನಗಿರಲಿಲ್ಲ ಎಂದು ಹೇಳಿದರೆ ನನ್ನ ಹಿಂದಿನ ಮುಖ್ಯಸ್ಥರಿಗೆ ಅನ್ಯಾಯವಾದೀತು. ನಾನು ಅವರಿಗೆ ಫೋನ್ ಮಾಡಲೇ ಇಲ್ಲ. ಸಂಜೆ ನಾಲ್ಕೂವರೆಗೆ ಅವರನ್ನು ಕಾಡುವುದೇಕೆ ಎಂದುಕೊಂಡೆ.

ಆದ್ದರಿಂದ ನನ್ನ ಕೋರಿಕೆ ಗೋಡೆಗಳದ್ದಲ್ಲ. ಗುಂಡು ತಡೆಯುವ ಕಾರುಗಳನ್ನು ಬೇಕಾದರೆ ಕೊಳ್ಳಿ. ಅವುಗಳ ತೂಕಕ್ಕೆ ತಿರುವಿನಲ್ಲಿ ಮಗುಚುವ ಚಟವಿದೆ, ಓಡಿಸುವವರಿಗೆ ಬೇರೆಯದೇ ತರಬೇತಿ ಬೇಕು, ಅದಕ್ಕೂ ಹಣವಿಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಬಂದೂಕಿಗೆ ಹೆದರುವ ನಮ್ಮ ಜನ ಕುಡಿದು ಓಡಿಸುವ ಲಾರಿಗೆ ಹೆದರುವುದಿಲ್ಲ. ಹೋಟೆಲಿನಲ್ಲಿ ಮೂರರಿಂದ ಆರನೆಯ ಮಹಡಿಯ ಒಳಗೆ ಕೋಣೆ ಕೇಳಲಿ. ನೆಲಮಹಡಿಗೆ ಕಳ್ಳ ಬೇಗ ಬರುತ್ತಾನೆ, ಹತ್ತನೆಯದಕ್ಕೆ ಬಹಳ ಊರುಗಳಲ್ಲಿ ಅಗ್ನಿಶಾಮಕದ ಏಣಿ ಮುಟ್ಟುವುದಿಲ್ಲ. ಇವೆಲ್ಲ ನಿಮಗೆ ಗೊತ್ತಿರುವ ಮಾತುಗಳು.

ಗೊತ್ತಿರದಿರಬಹುದಾದದ್ದು ನಮ್ಮ ರಸ್ತೆ ಪ್ರಯಾಣದ ಅನುಮತಿ ಪತ್ರ. ಅದರಲ್ಲಿ ಹನ್ನೊಂದು ಕಾಲಂಗಳಿದ್ದವು. ಪ್ರಯಾಣಿಕರ ಹೆಸರು, ಉದ್ದೇಶ, ರೇಡಿಯೊ ಸಂಕೇತ, ಸ್ಯಾಟಲೈಟ್ ಫೋನಿನ ಸಂಖ್ಯೆ, ಹೆಚ್ಚುವರಿ ಚಕ್ರ ಇದೆಯೇ ಎಂಬುದರವರೆಗೆ. ಚಾಲಕ ಒಪ್ಪಿದ್ದಾನೆಯೇ ಎಂಬ ಕಾಲಂ ಇರಲಿಲ್ಲ. ಹನ್ನೆರಡನೆಯದಾಗಿ ಅದನ್ನು ಸೇರಿಸಿ. ಅವನ ಸಹಿ ಇಲ್ಲದೆ ಕಾರು ಹೊರಡಬಾರದು, ಬೇಡವೆಂದರೆ ಕಾರಣ ಬರೆಯಬೇಕಾದ ಕಷ್ಟವೂ ಅವನಿಗೆ ಬೇಡ. ಬಾಳೆಹಣ್ಣಿನವಳು ಎದ್ದುಹೋದದ್ದನ್ನು ಕಾರಣವೆಂದು ಯಾವ ನಮೂನೆಯಲ್ಲಿ ತುಂಬುವುದು? ಮೇಲಿನವರು ಅವನ ಮಾತನ್ನು ಮೀರಲೇಬೇಕೆಂದರೆ, ಮೀರಲಿ. ತಮ್ಮ ಹೆಸರನ್ನೂ ಗಂಟೆಯನ್ನೂ ಸ್ವಂತ ಕೈಬರಹದಲ್ಲಿ ಬರೆದು ಮೀರಲಿ, ಮತ್ತು ಆ ಕಾರಿನಲ್ಲೇ ಕೂರಲಿ. “ನಿಮಗೆ ಬಿಟ್ಟದ್ದು” ಎಂಬ ಫೋನ್ ಮಾತಿಗೆ ಆಗ ಜಾಗವಿರುವುದಿಲ್ಲ. ಭೇಟಿಗೆ ಬಂದವರು ಸ್ಥಳದಲ್ಲಿ ಕಾರ್ಯಕ್ರಮ ಬದಲಿಸಿದರೆ ಅನುಮತಿ ತಾನಾಗಿ ರದ್ದಾಗಬೇಕು. ರಾತ್ರಿ ಉಳಿಯುವ ಹಾಸಿಗೆ, ಸ್ನಾನದ ಮನೆ ಹೇಗಿದ್ದರೂ, ಮೊದಲೇ ಗೊತ್ತುಮಾಡಿರಬೇಕು. ಗುತ್ತಿಗೆ ಕಂಪನಿಯ ಚಾಲಕ, ಕಾವಲುಗಾರರಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗಿರುವ ವಿಮೆಯೇ ಇರಬೇಕು. ಹಣಕಾಸು ವಿಭಾಗ ಒಪ್ಪುವುದಿಲ್ಲ. ಒಪ್ಪಿಸುವುದಕ್ಕೇ ನಿಮ್ಮ ಸಂಬಳ.

ಇದರಿಂದ ಭೇಟಿಗಳು ರದ್ದಾಗುತ್ತವೆ, ಚಾಲಕರು ಸೋಮಾರಿತನಕ್ಕೂ ಬೇಡವೆನ್ನಬಹುದು ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳುವವರು ಎಂದೂ ಗುತ್ತಿಗೆಯಲ್ಲಿ ದುಡಿದಿರುವುದಿಲ್ಲ. ನಾನು ಹದಿನೇಳು ವರ್ಷಗಳಲ್ಲಿ ಚಾಲಕರ ಬಾಯಿಂದ ಬೇಡ ಎಂಬ ಮಾತು ಕೇಳಿದ್ದು ನಾಲ್ಕೇ ಸಲ. ಮೂರು ಸಲ ಪ್ರಯಾಣ ನಿಲ್ಲಿಸಿದೆ, ಏನೂ ಆಗಲಿಲ್ಲ, ಜನ ನನ್ನನ್ನು ನೋಡಿ ನಕ್ಕರು.

ಮೇಷ್ಟ್ರ ಜೊತೆ ನನಗೆ ಈಗಲೂ ಮಾತಿದೆ. ಊರಲ್ಲಿ ಚಿಕ್ಕ ಅಂಗಡಿ ಇಟ್ಟಿದ್ದಾನೆ, ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ, ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾನೆ. ಈ ಪತ್ರ ಬರೆಯಲೇ ಎಂದು ಮೊದಲು ಅವನನ್ನು ಕೇಳಿದೆ. ಬರೆಯಿರಿ, ಆದರೆ ಹಿಂಜರಿದೆ ಎಂದು ಮಾತ್ರ ಬರೆಯಬೇಡಿ ಎಂದ.

ನಿಮ್ಮ ಮೊದಲ ಕ್ಷೇತ್ರ ಭೇಟಿ ಮುಂದಿನ ತಿಂಗಳು ಎಂದು ಕೇಳಿದ್ದೇನೆ. ಅಂದು ನೀವೇ ಆ ದೊಡ್ಡವರು. ಹೊರಡುವ ಮೊದಲು ಚಾಲಕರ ಕೋಣೆಗೆ ಹೋಗಿ. ಸಾಮಾನ್ಯವಾಗಿ ಅದು ಜನರೇಟರಿನ ಪಕ್ಕದಲ್ಲಿರುತ್ತದೆ, ಗದ್ದಲದಲ್ಲಿ ಸ್ವಲ್ಪ ಜೋರಾಗಿ ಮಾತನಾಡಬೇಕಾಗುತ್ತದೆ. ರಸ್ತೆ ಹೇಗಿದೆ ಎಂದು ಕೇಳಿ. ಹಳೆಯ ನಮೂನೆಯ ಒಂದು ಪ್ರತಿಯನ್ನು ಹನ್ನೆರಡನೆಯ ಕಾಲಂ ಪೆನ್ಸಿಲಿನಲ್ಲಿ ಗೀಚಿ ನಿಮಗೆ ಅಂಚೆಯಲ್ಲಿ ಕಳುಹಿಸಿದ್ದೇನೆ.

ಇತಿ, ವಿಶ್ವಾಸದಿಂದ,
ನಿವೃತ್ತ ಕ್ಷೇತ್ರ ಭದ್ರತಾ ಅಧಿಕಾರಿ
ಸೋಮವಾರಪೇಟೆ, ಕೊಡಗು